ಕತ್ತರಿಸಿದ ಎರಡು ನಿಮಿಷ

ಸಂಗೀತಗಾರನಿಗೆ ಒಂದು ಹಾಡು ಹೇಳಿ ಎಂದರೆ ಗಂಟಲು ಸರಿಯಿಲ್ಲ, ಶ್ರುತಿಪೆಟ್ಟಿಗೆ ತಂದಿಲ್ಲ, ಈಗಷ್ಟೇ ಮೊಸರನ್ನ ಉಂಡೆ ಎಂದು ನೂರೆಂಟು ನೆವ ಹೇಳುತ್ತಾನೆ. ಅದೇ ಮನುಷ್ಯನಿಗೆ, ನೀವು ಸಂಗೀತಕ್ಕೆ ಹೇಗೆ ಬಂದಿರಿ ಎಂದು ಕೇಳಿ ನೋಡಿ. ಗಂಟಲು ಸರಿಯಾಗುತ್ತದೆ, ಮೊಸರನ್ನ ಕರಗುತ್ತದೆ, ನಿಮ್ಮ ಕೊನೆಯ ಬಸ್ಸು ತಪ್ಪುತ್ತದೆ. ಬೇರೆಯವರನ್ನು ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ನಾನು ಇಪ್ಪತ್ತು ವರ್ಷದಲ್ಲಿ ಹಾಡಿದ್ದಕ್ಕಿಂತ ನನ್ನ ಹಾಡಿನ ಬಗ್ಗೆ ಮಾತಾಡಿದ್ದೇ ಹೆಚ್ಚು ಎಂದು ನನ್ನ ಹೆಂಡತಿ ಸುಲೋಚನಾ ಲೆಕ್ಕ ಹಾಕದೆಯೇ ಹೇಳುತ್ತಾಳೆ.

ನಮ್ಮಂಥ ಮಾತುಗಾರರನ್ನೆಲ್ಲ ಒಂದು ಕಡೆ ಕೂರಿಸಬೇಕೆಂಬ ದುರ್ಬುದ್ಧಿ ಬಂದದ್ದು ಸಿದ್ದಾಪುರದ ಮಂಜಣ್ಣನಿಗೆ. ಮಂಜಣ್ಣ ನನ್ನ ಹಳೆಯ ಗೆಳೆಯ, ಶಾಲೆಯಲ್ಲಿ ಚಿತ್ರಕಲಾ ಮಾಸ್ತರು, ಕೊಳಲು ತಾನೇ ಕೊರೆದು ತಾನೇ ಊದಿ ತಾನೇ ಮೆಚ್ಚುವವನು. ಒಂದು ಭಾನುವಾರ ಮಧ್ಯಾಹ್ನ 'ಸ್ವತಂತ್ರ ಸಂಗೀತಗಾರರ ಕೂಟ' ಎಂದು ಕರಪತ್ರ ಬರೆದು ಹಂಚಿದ. ಯಾವ ಘರಾಣೆಗೂ ಯಾವ ಗುರುವಿಗೂ ಯಾವ ಕ್ಯಾಸೆಟ್ ಕಂಪನಿಗೂ ಸೇರದೆ ತಮ್ಮ ಪಾಡಿಗೆ ರಾಗ ಹಾಕಿಕೊಂಡವರು ಬಂದು ತಾವು ನಡೆದು ಬಂದ ದಾರಿ ಹೇಳಬೇಕು, ಸ್ಫೂರ್ತಿ ಎಲ್ಲಿಂದ ಬಂತೆಂದು ಹೇಳಬೇಕು, ಕೊನೆಗೆ ತಮ್ಮದೊಂದು ಹಾಡು ಕೇಳಿಸಬೇಕು. ನಾವು ಸ್ವತಂತ್ರರು ಎಂಬುದು ನಮಗೆ ಗೊತ್ತಾದದ್ದೇ ಆ ಕರಪತ್ರದಿಂದ. ಅಲ್ಲಿಯವರೆಗೆ ನಮ್ಮನ್ನು ಯಾರೂ ಕರೆಯುವುದಿಲ್ಲ ಎಂದಷ್ಟೇ ತಿಳಿದುಕೊಂಡಿದ್ದೆವು.

ನಾನು ದೂರವಾಣಿ ಇಲಾಖೆಯಲ್ಲಿ ಲೈನ್ ನೋಡಿಕೊಳ್ಳುವ ನೌಕರಿಯಲ್ಲಿದ್ದವನು. ತೊಂಬತ್ತರ ದಶಕದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಫೋನು ಬಂದಾಗ ಕಂಬದಿಂದ ಮನೆಯ ಮಾಡಿಗೆ ತಂತಿ ಎಳೆದವರಲ್ಲಿ ನಾನೂ ಒಬ್ಬ. ಹಾರ್ಮೋನಿಯಂ ಕಲಿತದ್ದು ಬಾಡಿಗೆ ಕೋಣೆಯಲ್ಲಿ, ಒಬ್ಬನೇ. ಶ್ರುತಿಪೆಟ್ಟಿಗೆ ಇಲ್ಲದ್ದರಿಂದ ಫೋನಿನ ರಿಸೀವರ್ ಎತ್ತಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದೆ. ಅದರ ಡಯಲ್ ಟೋನ್ ಒಂದೇ ಸಮನೆ 'ಗುಂ' ಎನ್ನುತ್ತಿತ್ತು. ಸ್ವಲ್ಪ ಹೊತ್ತಾದರೆ ತಾನೇ ಕಟ್ಟಾಗಿ ಕುಯ್ಯೋ ಎನ್ನುವುದು, ಮತ್ತೆ ಇಟ್ಟು ಮತ್ತೆ ಎತ್ತುವುದು. ಇಲಾಖೆಯ ಶ್ರುತಿಯಲ್ಲಿ ಹೀಗೆ ಹಾಡು ಕಲಿತವನು ಜಿಲ್ಲೆಯಲ್ಲಿ ಬೇರೆ ಯಾರಾದರೂ ಇದ್ದರೋ ಗೊತ್ತಿಲ್ಲ.

ಸುಲೋಚನಾ ಸಿಕ್ಕಿದ್ದೂ ಫೋನಿನಲ್ಲೇ. ಯಲ್ಲಾಪುರದ ಕಡೆಯ ಒಂದು ಹಳ್ಳಿಯಲ್ಲಿ ಅವಳ ಅಪ್ಪನ ಮನೆಗೆ ಹೊಸ ಫೋನು ಕೂರಿಸಿ ಬಂದು, ಎಕ್ಸ್‌ಚೇಂಜಿನಿಂದ ಪರೀಕ್ಷೆಗೆಂದು ಕರೆ ಮಾಡಿದೆ. ಎತ್ತಿದ್ದು ಅವಳು. "ಲೈನ್ ಸರಿ ಇದ್ದಾ ನೋಡವು, ಎಂತಾದ್ರೂ ಮಾತಾಡ್ತಾ ಇರಿ" ಎಂದೆ.

"ಎಂತ ಮಾತಾಡದು? ನಿಂಗಳ ಗುರುತೇ ಇಲ್ಲೆ ನಂಗೆ."

"ಹಂಗಾದ್ರೆ ಒಂದು ಹಾಡು ಹೇಳಿ."

ಅವಳು ಯಾವುದೋ ಸಾಲುಗಳನ್ನು ಯಾವುದೋ ಧಾಟಿಯಲ್ಲಿ ಹೇಳತೊಡಗಿದಳು. ಯಾವ ಹಾಡು ಎಂದು ಕೇಳಿದರೆ, "ಯಾವ್ದೂ ಅಲ್ಲ, ಕೆಲಸ ಮಾಡ್ತಾ ಆನೇ ಹೇಳ್ಕತ್ತೆ" ಎಂದಳು. ನಮ್ಮ ಕಡೆ 'ಆನು' ಎಂದರೆ ನಾನು; ಸಾಲೂ ಧಾಟಿಯೂ ಅವಳದ್ದೇ. ಆ ಲೈನು ಮೊದಲ ದಿನವೇ ಸರಿಯಿತ್ತು. ಆದರೂ ಆ ತಿಂಗಳಲ್ಲಿ ನಾನು ಅದನ್ನು ಹನ್ನೊಂದು ಸಲ ಪರೀಕ್ಷೆ ಮಾಡಿದೆ. ಮರುವರ್ಷ ನಮ್ಮ ಮದುವೆಯಾಯಿತು.

ಆಮೇಲೆ ಕ್ಯಾಸೆಟ್ಟಿನ ಹುಚ್ಚು ಹಿಡಿಯಿತು. ಹುಬ್ಬಳ್ಳಿಗೆ ಹೋಗಿ ಎರಡು ದಿನ ಕೂತು ರೆಕಾರ್ಡು ಮಾಡಿದೆವು. ಎ ಬದಿಯಲ್ಲಿ ನನ್ನ ಆರು ಹಾಡುಗಳು. ಬಿ ಬದಿ ಚಿಕ್ಕದು, ಹದಿನೈದೇ ನಿಮಿಷ. ಮೊದಲು ನನ್ನ ಹಾರ್ಮೋನಿಯಂ ವಾದನ, ಕೊನೆಯಲ್ಲಿ ಸುಲೋಚನಾಳದ್ದೊಂದೇ ಹಾಡು, ಫೋನಿನಲ್ಲಿ ಹೇಳಿದ್ದು. ನಾನು ಆರು ಹಾಡಿಗೆ ಒಂದೂವರೆ ದಿನ ತೆಗೆದುಕೊಂಡೆ. ಅವಳು ಸೆರಗಿನಲ್ಲಿ ಬೆವರು ಒರೆಸಿಕೊಂಡು ಒಂದೇ ಸಲಕ್ಕೆ ಹಾಡಿ ಮುಗಿಸಿ, "ಬಸ್ಸಿಗೆ ಹೊತ್ತಾತು" ಎಂದಳು. ಹೊದಿಕೆಯ ಮೇಲೆ 'ರಾಗ ಸಂಯೋಜನೆ' ಎಂದು ಎಲ್ಲ ಹಾಡಿಗೂ ಸೇರಿಸಿ ನನ್ನ ಹೆಸರನ್ನೇ ಹಾಕಿಸಿದೆ. ಅವಳು ಓದಿ ನೋಡಿ, ಹೊದಿಕೆಯನ್ನು ಮಡಿಸಿ ಡಬ್ಬಿಗೆ ಹಾಕಿದಳು.

ಮುನ್ನೂರು ಕ್ಯಾಸೆಟ್ ಬಂದವು. ಫೋನು ರಿಪೇರಿಗೆ ಹೋದ ಮನೆಗೆಲ್ಲ ಒಂದೊಂದು ಕೊಟ್ಟೆ. ಜನ ಎರಡೂ ಕೈ ಚಾಚಿ ಇಸಿದುಕೊಂಡರು. ಕೆಲವರು ಇನ್ನೊಂದು ಇದ್ದರೆ ಕೊಡು ಎಂದು ಕೇಳಿದರು. ಫೋನು ಸರಿಯಿದ್ದರೂ ಕೆಟ್ಟಿದೆ ಎಂದು ದೂರು ಕೊಟ್ಟು ಕರೆಸಿದವರೂ ಇದ್ದರು. ನನ್ನ ಸಂಗೀತಕ್ಕೆ ಇಷ್ಟು ಬೇಡಿಕೆಯೇ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ.

ಆ ಹಿಗ್ಗಿಗೆ ಸರಿಯಾಗಿ ಒಂದು ರೇಡಿಯೋ ಕೇಂದ್ರದವರು 'ನನ್ನ ಸಂಗೀತ ಪಯಣ' ಎಂದು ಹದಿನೈದು ನಿಮಿಷ ಮಾತಾಡಲು ಕರೆದರು. ಮಾತಾಡಿ ಬಂದೆ. ಪ್ರಸಾರವಾಗುವ ದಿನ ನಾನು ಬಿಳಗಿಯ ಕಡೆ ಕಂಬದ ಮೇಲಿದ್ದೆ. ಪರೀಕ್ಷೆಯ ಫೋನನ್ನು ತಂತಿಗೆ ಸಿಕ್ಕಿಸಿ ಅಲ್ಲಿಂದಲೇ ಮನೆಗೆ ಕರೆ ಮಾಡಿ, ಟೇಪು ಮಾಡಿಡು ಎಂದು ಸುಲೋಚನಾಳಿಗೆ ಹೇಳಿದೆ. ಸಂಜೆ ಮನೆಗೆ ಬಂದು, ದೋಸೆ ತಿನ್ನುತ್ತ ಕೇಳಿದರೆ ಹದಿಮೂರನೆಯ ನಿಮಿಷಕ್ಕೆ ನನ್ನ ಮಾತು ಕಟ್ಟು! ನಾನು ಅತ್ಯಂತ ಮುಖ್ಯವೆಂದು ಕೊನೆಗೆ ಇಟ್ಟುಕೊಂಡಿದ್ದ ಎರಡು ನಿಮಿಷಕ್ಕೆ ಕತ್ತರಿ ಹಾಕಿದ್ದರು. ಸಿಟ್ಟಿನಲ್ಲಿ ಎದ್ದು ಎಂಜಲು ಕೈಯಲ್ಲೇ ಬಟನ್ ಒತ್ತಿ ಟೇಪು ಆರಿಸಿದೆ. ಆ ಕ್ಯಾಸೆಟ್ಟನ್ನು ಮತ್ತೆ ಮುಟ್ಟಲಿಲ್ಲ. ಆ ಎರಡು ನಿಮಿಷದ ಸಂಕಟವನ್ನು ಮಾತ್ರ ಸಿಕ್ಕಸಿಕ್ಕವರಿಗೆ ವರ್ಷಗಟ್ಟಲೆ ಹೇಳಿದೆ.

ಇಷ್ಟೆಲ್ಲ ಆಗಿ ಕೆಲವು ವರ್ಷಕ್ಕೆ ಸುಲೋಚನಾಳಿಗೆ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಮಾಡಿಸಿದೆವು, ದೇವರು ದೊಡ್ಡವನು, ಗುಣವಾದಳು. ಆದರೆ ಧ್ವನಿ ಒಡೆದುಹೋಯಿತು. ಮಾತಿಗೆ ತೊಂದರೆಯಿಲ್ಲ, ನನ್ನನ್ನು ಬೈಯುವುದಕ್ಕೆ ಅದು ಧಾರಾಳವಾಗಿ ಸಾಲುತ್ತದೆ. ಹಾಡು ಮಾತ್ರ ನಿಂತಿತು. ಹಿಟ್ಟು ರುಬ್ಬುವಾಗ, ಬಟ್ಟೆ ಒಣಹಾಕುವಾಗ ಅವಳು ಸುಮ್ಮನಿರುತ್ತಿದ್ದಳು. ಇಸಳೂರಿನಲ್ಲಿ ಕಟ್ಟಿದ ನಮ್ಮ ಹೊಸ ಮನೆಗೆ ಅವಳ ಹಾಡಿನ ಪರಿಚಯವೇ ಇಲ್ಲ ಎಂದು ಒಮ್ಮೊಮ್ಮೆ ಅನಿಸಿ ನನಗೆ ಬಹಳ ಸಂಕಟವಾಗುತ್ತಿತ್ತು.

ಮಂಜಣ್ಣ ಕೂಟಕ್ಕೆ ಕರೆಯುವಾಗ ಅಲ್ಲಿಗೇ ಕೈ ಹಾಕಿದ. "ನಿನ್ನ ಮಾತು ಎಲ್ಲರಿಗೂ ಬಾಯಿಪಾಠ ಬತ್ತು ಮಾರಾಯಾ. ಅತ್ತಿಗೆ ಹಾಡಿದ್ದು ಒಂದಿತ್ತಲ, ಆ ಕ್ಯಾಸೆಟ್ ತಗಂಡು ಬಾ."

ಹುಡುಕಿದರೆ ಮನೆಗೆಂದು ಉಳಿಸಿಕೊಂಡಿದ್ದ ಒಂದೇ ಒಂದು ಕ್ಯಾಸೆಟ್ ಇಲ್ಲ. ಹೊದಿಕೆಯ ಡಬ್ಬಿ ಇದೆ, ಒಳಗೆ ಏನೂ ಇಲ್ಲ. ಮನೆ ಬದಲಿಸುವಾಗ ಕಳೆದಿರಬೇಕು ಎಂದೆ. "ಕಳದ್ರೂ ಕಳದಿಕ್ಕು. ಬಿಡಿ, ಎಂತಕ್ಕೆ ಈಗ" ಎಂದಳು ಸುಲೋಚನಾ. ನಾನು ಬಿಡಲಿಲ್ಲ. ಮುನ್ನೂರು ಮನೆಗಳಲ್ಲಿ ಇರುವ ಕ್ಯಾಸೆಟ್ಟಿಗೆ ಬರವೇ? ಕೂಟಕ್ಕೆ ಇನ್ನೂ ನಾಲ್ಕು ವಾರವಿತ್ತು. ಬೈಕು ಹತ್ತಿದೆ.

ಮೊದಲ ಮನೆ ಬಿಳಗಿಯಲ್ಲಿ. ಯಜಮಾನರಾದ ಗಣಪಣ್ಣ ಜೋಪಾನವಾಗಿ ನನ್ನ ಕ್ಯಾಸೆಟ್ ತೆಗೆದು ಟೇಪಿಗೆ ಹಾಕಿದರು. ಎರಡು ಬದಿಯಲ್ಲೂ ತಾಳಮದ್ದಲೆ. ಕೃಷ್ಣನೂ ಕೌರವನೂ ವಾದಕ್ಕೆ ಬಿದ್ದಿದ್ದರು. "ಎಂಥ ಚೊಲೋ ಕ್ಯಾಸೆಟ್ ಕೊಟ್ಟಿದ್ಯ ಮಾರಾಯಾ! ಒಂದು ಚೂರೂ ಗರಗರ ಇಲ್ಲೆ. ಇನ್ನೊಂದು ಇದ್ದಾ?" ಎಂದರು. ಮಾರುವ ಕ್ಯಾಸೆಟ್ಟಿನ ಮೇಲೆ ಬೇರೆಯವರು ರೆಕಾರ್ಡು ಮಾಡದಿರಲೆಂದು ಅದರ ಬೆನ್ನಿನಲ್ಲಿ, ಬದಿಗೊಂದರಂತೆ ಚಿಕ್ಕ ತೂತು ಬಿಟ್ಟಿರುತ್ತಾರೆ. ನಮ್ಮ ಕಡೆಯ ಜನ ಆ ತೂತಿಗೆ ಕಾಗದ ತುರುಕಿ, ಮೇಲೆ ಪಟ್ಟಿ ಅಂಟಿಸಿ, ಬೇಕಾದ್ದನ್ನು ತುಂಬಿಕೊಳ್ಳುತ್ತಾರೆ. ಜನ ಎರಡೂ ಕೈ ಚಾಚಿ ಇಸಿದುಕೊಂಡದ್ದು ಏಕೆಂದು ನನಗೆ ಅಂದು ತಿಳಿಯಿತು.

ಎರಡನೆಯ ವಾರ ತ್ಯಾಗಲಿ. ಅಲ್ಲಿಯ ಮನೆಯಲ್ಲಿ ನನ್ನ ಕ್ಯಾಸೆಟ್ಟಿನ ಮೇಲೆ ಒಬ್ಬ ಅಜ್ಜಿ ಮದುವೆ ಹಾಡು ಹೇಳುತ್ತಿದ್ದಳು. ನಡುನಡುವೆ ಕೆಮ್ಮು, ಕೆಮ್ಮಿನ ಹಿಂದೆ ನಗು. ಅಜ್ಜಿ ತೀರಿಕೊಂಡು ಮೂರು ವರ್ಷವಾಯಿತಂತೆ. ಮನೆಯಾಕೆ, "ಇದೊಂದೇ ಉಳದ್ದು ನಮ್ಮತ್ರ, ನಿಂಗ ಕೊಟ್ಟಿದ್ದಕ್ಕೆ ಆತು" ಎಂದು ಕಣ್ಣೊರೆಸಿಕೊಂಡು ಕೋಕಂ ಶರಬತ್ತು ಕೊಟ್ಟಳು. ಏನೆಂದು ಸಿಟ್ಟು ಮಾಡಲಿ? ನಾನು ಹುಡುಕಿ ಬಂದದ್ದೂ ಅಂಥದೇ ಒಂದು ದನಿ. ಶರಬತ್ತು ಕುಡಿದು, ಅಜ್ಜಿಯ ಹಾಡು ಪೂರ್ತಿ ಕೇಳಿ ಬಂದೆ.

ಮೂರನೆಯ ವಾರ ಬನವಾಸಿಯ ಕಡೆ, ಕಿರಾಣಿ ಅಂಗಡಿ ಇಟ್ಟಿದ್ದ ಬಸಪ್ಪನವರಲ್ಲಿಗೆ ಹೋದೆ. "ಬರ್ರಿ ಬರ್ರಿ, ಫೋನಿನ ಸಾಹೇಬ್ರು! ನಿಮ್ಮ ಕ್ಯಾಸೆಟ್ ಇಲ್ದ ಏನ್ರಿ, ಐತಿ. ಹೊಲದಾಗ ಐತಿ." ಕರೆದುಕೊಂಡು ಹೋಗಿ ತೋರಿಸಿದರು. ಹಕ್ಕಿ ಓಡಿಸಲು ಗೂಟದಿಂದ ಗೂಟಕ್ಕೆ ನನ್ನ ಟೇಪನ್ನು ಎಳೆದು ಕಟ್ಟಿದ್ದರು. "ಗಾಳಿ ಬಿಟ್ರ ಹೆಂಗ್ ಹಾಡ್ತೈತಿ ಕೇಳ್ರಿ! ಒಂದ್ ಗುಬ್ಬಿ ಹತ್ರ ಸುಳಿಯಂಗಿಲ್ಲ." ಎ ಬದಿಯ ಗುಣ ಇರಬೇಕು ಎಂದುಕೊಂಡೆ. ಗಾಳಿ ಬಂತು, ಟೇಪು ಗುಂಯ್ ಎಂದಿತು. ಅದರೊಳಗೆ ಎಲ್ಲೋ ಒಂದು ಮಾರು ಉದ್ದಕ್ಕೆ ಸುಲೋಚನಾಳೂ ಇದ್ದಳಲ್ಲ, ಆ ಬಿಸಿಲಲ್ಲಿ ಬಹಳ ಹೊತ್ತು ನಿಂತೆ. ಬಸಪ್ಪನವರು, "ತಲಿ ಸುಡತೈತ್ರಿ, ನೆಳ್ಳಿಗೆ ಬರ್ರಿ" ಎಂದು ಎರಡು ಸಲ ಕರೆದರು.

ಮತ್ತೂ ಹತ್ತು ಹನ್ನೆರಡು ಮನೆ ಆಯಿತು. ಎಲ್ಲೂ ಇಲ್ಲ. ಕೂಟದ ಹಿಂದಿನ ದಿನ ಮಧ್ಯಾಹ್ನ ಸೋತು ಕೂತವನಿಗೆ, ಹಾಡಂತೂ ಸಿಗಲಿಲ್ಲ, ಭಾಷಣವನ್ನಾದರೂ ಸಿದ್ಧ ಮಾಡೋಣ ಎನ್ನಿಸಿತು. ಹಳೆಯ ರೇಡಿಯೋ ಮಾತಿಗಿಂತ ಚೆನ್ನಾಗಿ ಇನ್ನೇನು ಹೇಳಲಿ? ಹಾರ್ಮೋನಿಯಂ ಪೆಟ್ಟಿಗೆಯಲ್ಲಿ 'ರೇಡಿಯೋ ಮಾತು' ಎಂದು ಸುಲೋಚನಾಳ ಅಕ್ಷರವಿದ್ದ ಡಬ್ಬಿ ಸಿಕ್ಕಿತು. ತೆರೆದೆ. ಒಳಗಿದ್ದದ್ದು ನಾನು ಊರೆಲ್ಲ ಹುಡುಕಿದ ಕ್ಯಾಸೆಟ್. ಎ ಬದಿಯ ತೂತು ಹಾಗೆಯೇ ಇತ್ತು. ಬಿ ಬದಿಯ ತೂತಿನ ಮೇಲೆ ಹಣೆಗಿಡುವ ಟಿಕಲಿ, ಕೆಂಪು ಬಣ್ಣದ್ದು, ಗಟ್ಟಿಯಾಗಿ ಅಂಟಿ ಕೂತಿತ್ತು.

ಅಡಿಗೆಮನೆಗೆ ಹೋಗಿ ಹಿಡಿದು ತೋರಿಸಿದೆ. ಸುಲೋಚನಾ ಬೀನ್ಸು ಮುರಿಯುತ್ತಿದ್ದಳು.

"ಆನೇ ಅಂಟ್ಸಿದ್ದೆ" ಎಂದಳು.

"ನಿನ್ನ ಹಾಡಿನ ಮೇಲೆ?"

"ಟೇಪ್ ಮಾಡು ಹೇಳಿ ಕಂಬದ ಮೇಲಿಂದ ಫೋನ್ ಮಾಡಿದ್ದು ಯಾರು? ಯಾವ ಕ್ಯಾಸೆಟ್ ಆದ್ರೂ ಅಡ್ಡಿಲ್ಲೆ ಹೇಳಿದ್ದು ಯಾರು? ಮನೇಲಿದ್ದ ಬಾಕಿ ಎಲ್ಲದ್ರ ಮೇಲೂ 'ಅಳಿಸಬಾರದು' ಹೇಳಿ ನಿಂಗಳ ಅಕ್ಷರ ಇತ್ತು. ಈ ಕ್ಯಾಸೆಟ್ನ ಆ ಬದಿ ಪೂರಾ ನಿಂಗಳ ಹಾಡು. ಈ ಬದೀಲಿ ಆನಿದ್ದೆ."

"ನಾಲ್ಕು ವಾರ ಊರೂರು ತಿರುಗಿದ್ನಲೇ, ಆವಾಗಾದ್ರೂ ಹೇಳಲಾಗಿತ್ತಲೇ!"

"ಹೇಳಿದ್ರೆ ಬೇಜಾರು ಮಾಡ್ಕತ್ರಿ ಹೇಳಿ. ಮತ್ತೆ, ತಿರುಗಾಡಿದ್ರೆ ಸಕ್ಕರೆ ಕಾಯಿಲೆಗೆ ಒಳ್ಳೇದು ಹೇಳಿ ಡಾಕ್ಟ್ರೂ ಹೇಳಿದ್ರಲಿ."

ಬಿ ಬದಿ ಹಾಕಿದೆ. ನನ್ನ ಮಾತು ಶುರುವಾಯಿತು. ಎಷ್ಟು ಮಾತಾಡಿದ್ದೆ ನಾನು! ನನ್ನ ಬಾಲ್ಯ, ನನ್ನ ಬಾಡಿಗೆ ಕೋಣೆ, ನನ್ನ ಹಾರ್ಮೋನಿಯಂ. ಕ್ಯಾಸೆಟ್ಟಿನ ಕೊನೆಯ ಹಾಡಿನ ರಾಗ ಹೇಗೆ ಹೊಳೆಯಿತು ಎಂಬ ಪ್ರಶ್ನೆಗೆ, ಟೆಲಿಫೋನಿನ ನಾದದಿಂದ ಹೊಳೆಯಿತು ಎಂದು ಗಂಭೀರವಾಗಿ ಹೇಳಿದ್ದೆ. ಫೋನಿನಿಂದ ಬಂದದ್ದು ಸುಳ್ಳಲ್ಲ. ಆದರೆ ಫೋನಿನ ಆ ತುದಿಯಲ್ಲಿ ಒಬ್ಬಳು ಇದ್ದಳು ಎಂಬುದನ್ನು ಹದಿಮೂರು ನಿಮಿಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಅವಳ ಹೆಸರೇ ಇರಲಿಲ್ಲ. ಇದನ್ನು ಅವಳು ರೇಡಿಯೋದ ಪಕ್ಕ ಕೂತು, ಕೈಯಾರೆ ತನ್ನ ಹಾಡಿನ ಮೇಲೆ ತುಂಬಿಸುತ್ತ ಪೂರ್ತಿ ಕೇಳಿದ್ದಳು. ನನಗೆ ಅಲ್ಲಿಂದ ಎದ್ದುಹೋಗಬೇಕು ಎನಿಸಿತು. ಆರಿಸಲು ಕೈ ಚಾಚಿದೆ.

"ತಡೀರಿ" ಎಂದಳು ಅವಳು.

ಹದಿಮೂರನೆಯ ನಿಮಿಷಕ್ಕೆ ನನ್ನ ಮಾತು ಕಟ್ಟಾಯಿತು. ಒಂದು ಸಲ ಕಟಕ್ ಎಂದಿತು. ಆಮೇಲೆ ಸುಲೋಚನಾ ಹಾಡಿದಳು.

"ಬಾಗಿಲು ತೆಗೆದಿಟ್ಟೆ, ಮಣೆಯ ಹಾಕಿಟ್ಟೆ, ಬರುವವರ ಹೆಸರ ಕೇಳಲಿಲ್ಲ..."

ಹಾಡಿನ ಕೊನೆಯ ನುಡಿ. ಒಡೆಯದ, ಬೆವರಿದ, ಬಸ್ಸಿನ ಗಡಿಬಿಡಿಯ ಆ ದನಿ ನಮ್ಮ ಹೊಸ ಮನೆಯಲ್ಲಿ ಮೊದಲ ಸಲ ಕೇಳಿಸಿತು. ಎರಡೇ ನಿಮಿಷ. ನನಗೆ ಅಳು ಬಂತು, ಮುಚ್ಚಿಡುವುದೇನು. ಆ ಸಂಜೆ ಸಿಟ್ಟಿನಲ್ಲಿ ಬಟನ್ ಒತ್ತದೆ ಇನ್ನೊಂದು ದೋಸೆ ತಿನ್ನುವಷ್ಟು ತಾಳ್ಮೆ ಇದ್ದಿದ್ದರೆ ಅಂದೇ ಕೇಳುತ್ತಿದ್ದೆ.

ಸುಲೋಚನಾ ಬೀನ್ಸಿನ ನಾರು ಕೊಡವಿ ಎದ್ದಳು. "ರೇಡಿಯೋದವ್ರು ಕತ್ತರಿ ಹಾಕಿದ್ರು ಹೇಳಿ ಇಷ್ಟು ವರ್ಷ ಬೈದ್ರಲಿ. ಅವು ನಿಂಗಳ ಮಾತು ಪೂರ್ತಿ ಹಾಕಿದ್ರೆ ಇಷ್ಟು ಹಾಡೂ ಇರ್ತಿತ್ತಿಲ್ಲೆ" ಎಂದಳು.

ಮರುದಿನ ಸಿದ್ದಾಪುರದ ಕೂಟದಲ್ಲಿ ಒಬ್ಬರು ಅಕ್ಕಿ ಗಿರಣಿಯ ಸದ್ದಿನಿಂದ ತಾಳ ಕಲಿತದ್ದನ್ನು ನಲವತ್ತು ನಿಮಿಷ ಹೇಳಿದರು. ಮಂಜಣ್ಣ ತನ್ನ ಕೊಳಲಿನ ಏಳು ತೂತುಗಳ ಬಗ್ಗೆ, ತೂತಿಗೆ ಐದು ನಿಮಿಷದಂತೆ ಮಾತಾಡಿದ. ನನ್ನ ಸರದಿ ಬಂದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಸುಲೋಚನಾಳನ್ನು ತೋರಿಸಿ, "ಈ ಹಾಡು, ಇದರ ರಾಗ, ಎರಡೂ ಇವಳದ್ದು" ಎಂದಷ್ಟೇ ಹೇಳಿ ಬಟನ್ ಒತ್ತಿ ಕೂತೆ. ಎರಡು ನಿಮಿಷ ಯಾರೂ ಕೆಮ್ಮಲಿಲ್ಲ. ಮುಗಿದ ಮೇಲೆ ಮಂಜಣ್ಣ ಕಣ್ಣೊರೆಸಿಕೊಂಡು, "ಉಳಿದ ಹಾಡು ಎಲ್ಲಿ?" ಎಂದು ಕೇಳಿದ.

"ಅದ್ರ ಮೇಲೆ ಆನಿದ್ದೆ" ಎಂದೆ.

ಈ ಪ್ರಬಂಧವನ್ನು ಬರೆದು ಮೊದಲು ಸುಲೋಚನಾಳಿಗೇ ಓದಿ ಹೇಳಿದೆ. ಪೂರ್ತಿ ಕೇಳಿ, ಎದ್ದು ಹೋಗುವಾಗ, "ಚೊಲೋ ಇದ್ದು. ಆದ್ರೆ ಇದ್ರಲ್ಲೂ ಆನು ಬಪ್ಪುಲೆ ಭಾಳ ಹೊತ್ತಾತು" ಎಂದಳು.