ಕಂಬದ ನೆರಳಿನ ಸಾಲು

ಹೊಸ ಚೌಕದ ಕಲ್ಲುಬೆಂಚುಗಳ ಮೇಲೆ ಒಂದು ನರಪಿಳ್ಳೆಯೂ ಕೂರುತ್ತಿರಲಿಲ್ಲ. ಅದು ಕಾವಲುಗಾರನ ಕುತ್ತಿಗೆಗೆ ಬಂತು.

"ಸಂಜೆ ಪುರಸಭೆ ಅಧ್ಯಕ್ಷರು ಬರ್ತಾರೆ. ಚೌಕದ ತುಂಬ ಜನ ಕಾಣ್ಬೇಕು. ಕಾಣ್ಲಿಲ್ವೋ, ನಾಳೆಯಿಂದ ನೀನೂ ಕಾಣ್ಬೇಡ," ಎಂದು ಮೇಲ್ವಿಚಾರಕ ತಂಪು ಕಾರಿನ ಗಾಜು ಏರಿಸಿಕೊಂಡು ಹೋದ.

ಜನರೇನೋ ಇದ್ದರು, ಕಚೇರಿ ಗೋಡೆಯ ನೆರಳಿಗೆ ಹಲ್ಲಿಗಳಂತೆ ಅಂಟಿಕೊಂಡು. ಮರಗಳೂ ಇದ್ದವು, ಚೌಕದ ನಕ್ಷೆಯಲ್ಲಿ.

"ಅಜ್ಜೀ, ಬೆಂಚಿನ ಮೇಲೆ ಕೂತ್ಕೊಳ್ಳಿ, ಪುಕ್ಕಟೆ!" ಕಾವಲುಗಾರ ಬಾಚಣಿಗೆ ಮಾರುವ ಅಜ್ಜಿಗೆ ಕೈಮುಗಿದ.

"ಮೊದ್ಲು ನೀನು ಕೂತು ತೋರ್ಸಪ್ಪ."

ಕೂತ. ಕಾದ ಹೆಂಚಿಗೆ ಬಿದ್ದ ನೀರಿನಂತೆ ಚುರ್ರೆಂದು ಎದ್ದ. ಗೋಡೆಗೆ ಗೋಡೆಯೇ ನಕ್ಕಿತು.

ರೇಗಿ, ಲಾಠಿ ಬೀಸಿ ಎಲ್ಲರನ್ನೂ ಎಬ್ಬಿಸಿದ. ಎದ್ದವರು ಬೆಂಚಿಗೆ ಹೋದಾರೆಯೇ? ಚೌಕದ ನಡುವೆ ಅಂದಕ್ಕೆಂದು ನಿಲ್ಲಿಸಿದ್ದ ಕಾಂಕ್ರೀಟ್ ಕಂಬದತ್ತ ನಡೆದರು. ಅದರ ನೆರಳು ಒಬ್ಬರ ಭುಜದಷ್ಟೇ ಅಗಲ. ಒಬ್ಬರ ಬೆನ್ನಿಗೊಬ್ಬರು ನಿಂತರು. ನೆರಳು ಸರಿದಂತೆ ಇಡೀ ಸಾಲು ಗಡಿಯಾರದ ಮುಳ್ಳಿನ ಹಾಗೆ ಸರಿಯಿತು. ಸೋಜಿಗಪಡುತ್ತ ಕಾವಲುಗಾರನೂ ಮುಂದೆ ಹೋಗಿ ಕಂಬಕ್ಕೆ ಒರಗಿದ.

ದಾರಿಹೋಕನೊಬ್ಬ ಕೇಳಿದ: "ಏನು ಕೊಡ್ತಾರೆ ಇಲ್ಲಿ?"

"ಯಾರಿಗ್ಗೊತ್ತು, ನಿಂತ್ಕೊಳ್ಳಿ," ಎಂದ ಸಾಲಿನ ತುದಿಗೆ ಆಗಷ್ಟೇ ಸೇರಿದ್ದ ಕ್ಷೌರಿಕ.

"ಕಾವಲು ಹಾಕಿದಾರೆ ಅಂದ್ರೆ ಏನೋ ಇರ್ಬೇಕು!"

ನೆರಳು ಮುಗಿದಲ್ಲಿಗೆ ಸಾಲು ಮುಗಿಯಲಿಲ್ಲ. ಬಿಸಿಲಲ್ಲೇ ಬೆಳೆದು ಬೆಂಚುಗಳನ್ನು ದಾಟಿತು, ರಸ್ತೆಗಿಳಿಯಿತು.

"ರೀ, ನಡುವೆ ನುಗ್ಬೇಡಿ!"

"ನಮ್ಮತ್ತೆ ಆಗ್ಲೇ ಜಾಗ ಹಿಡಿದಿದಾರೆ ಕಣ್ರೀ!"

"ಅಯ್ಯೋ, ಇಲ್ಲಿ ಏನೂ ಕೊಡಲ್ಲ, ಹೋಗ್ರಪ್ಪಾ!" ಎಂದು ಕಾವಲುಗಾರ ಕಿರುಚಿದ.

"ಕೇಳಿದ್ರಾ? ನಮ್ಮನ್ನ ಓಡಿಸಿ ತಮ್ಮೋರಿಗೆ ಹಂಚೋ ಹುನ್ನಾರ!" ಎಂದು ಕ್ಷೌರಿಕ ಕೂಗಿದ್ದೇ ತಡ, ಹೊರಟಿದ್ದವರೂ ಮರಳಿ ಬಂದರು.

ಅಷ್ಟರಲ್ಲಿ ಅಧ್ಯಕ್ಷರ ಕಾರು ಬಂತು, ಹಿಂದೆಯೇ ಮೇಲ್ವಿಚಾರಕನದೂ. ಬೆಂಚುಗಳೆಲ್ಲ ಖಾಲಿ. ಆದರೆ ಅಧ್ಯಕ್ಷರ ಕಣ್ಣು ಸಾಲಿನ ಮೇಲೇ ನೆಟ್ಟಿತ್ತು.

"ಆಹಾ, ಎಂಥ ಶಿಸ್ತು! ಯಾತಕ್ಕಯ್ಯಾ ನಿಂತಿದಾರೆ?"

ಸುಳ್ಳು ಹೊಳೆಯದೆ ಕಾವಲುಗಾರ ನಿಜ ಹೇಳಿದ: "ನೆರಳಿಗೆ, ಸ್ವಾಮಿ."

ಅಧ್ಯಕ್ಷರು ಗಂಭೀರವಾಗಿ ಮೇಲ್ವಿಚಾರಕನ ಕಡೆ ತಿರುಗಿದರು. "ಇಷ್ಟೊಂದು ಜನಕ್ಕೆ ಬೇಕಾಗಿರೋದನ್ನ ಬಿಟ್ಟಿ ಕೊಡ್ತಾ ಕೂತಿದೀರೇನ್ರೀ? ನಾಳೆಯಿಂದ ನೆರಳಿಗೆ ಟಿಕೆಟ್ ಇಡಿ. ಮಾರೋಕೆ ಇವನೇ ಇರ್ಲಿ, ಚುರುಕಾಗಿದಾನೆ."

ಕೆಲಸ ಉಳಿಯಿತು! ಮರುದಿನ ಕಾವಲುಗಾರ ಟಿಕೆಟ್ ಪುಸ್ತಕ ಹಿಡಿದು, ಕಬ್ಬಿಣದ ಕುರ್ಚಿ ಹೊತ್ತು ತಂದು, ಕಂಬದ ನೆರಳಲ್ಲಿ ಹಾಕಿಕೊಂಡು ಹಾಯೆಂದು ಕೂತ.

"ಏಳಯ್ಯಾ ಮೇಲೆ!" ಮೇಲ್ವಿಚಾರಕ ಕಂಬದ ಆಚೆ ಧಗಧಗಿಸುವ ಬದಿಗೆ ಬೊಟ್ಟು ಮಾಡಿದ. "ಇದು ಮಾರೋ ಮಾಲು. ಸಿಬ್ಬಂದಿ ಮುಟ್ಟೋ ಹಾಗಿಲ್ಲ."