ಮಂಗಳವಾರದ ಬಿಪಿ ಬೆಂಚು

ಬಿಪಿ ನೋಡೋ ಯಂತ್ರ ಚೀಲಕ್ಕೆ ಹಾಕ್ಕೊಂಡು ಹಳ್ಳಿ ಕಡೆ ಬಸ್ಸು ಹತ್ತಿದ ದಿನ, ಏನೂ ನಡೆಯದೆ ಸುಮ್ಮನೆ ಮನೆಗೆ ಬಂದದ್ದು ನನ್ನ ಜೀವಮಾನದಲ್ಲೇ ಇಲ್ಲ. ಒಂದಿನ ನಗ್ತಾ ಬರ್ತೀನಿ, ಒಂದಿನ ಬೈಕೊಂಡು ಬರ್ತೀನಿ, ಹೆಚ್ಚು ದಿನ ಎರಡೂ ಒಟ್ಟಿಗೆ.

ನಾನು ಉಮ್ಮತ್ತೂರಿನವಳು, ಕೆಲಸದಲ್ಲಿ ನರ್ಸು. ಚಾಮರಾಜನಗರದಲ್ಲಿ ಆಫೀಸು ಇಟ್ಟುಕೊಂಡಿರೋ ಒಂದು ಸಂಶೋಧನೆಯಲ್ಲಿ ನನಗೆ ನೌಕರಿ. ಸಂಶೋಧನೆ ಅಂದ ತಕ್ಷಣ ಗಾಬರಿ ಬೀಳಬೇಡಿ. ಅಲ್ಲಿ ಕೇಳ್ತಿರೋ ಪ್ರಶ್ನೆ ಇಷ್ಟೇ: ಬಿಪಿ, ಶುಗರ್ ಇರೋ ಜನ ದೊಡ್ಡಾಸ್ಪತ್ರೆಗೆ ಅಲೆಯೋ ಬದಲು, ನರ್ಸೇ ಅವರೂರಿಗೆ ಹೋಗಿ ಪರೀಕ್ಷೆ ಮಾಡಿ, ಡಾಕ್ಟರು ಬರೆದ ಮಾತ್ರೆ ಕೈಗೆ ಕೊಟ್ಟರೆ ಕಾಯಿಲೆ ಹತೋಟಿಗೆ ಬರ್ತದಾ, ಇಲ್ವಾ? ತೆರಕಣಾಂಬಿ ಆಚೆ ಒಂದು ಸಣ್ಣ ಹಳ್ಳಿ. ಅಲ್ಲಿ ಹಳೇ ಸ್ಕೂಲಿನ ಜಗಲಿ ಮೇಲೆ ಬೆಂಚು ಹಾಕ್ಕೊಂಡು ಪ್ರತಿ ಮಂಗಳವಾರ ನನ್ನ ಕ್ಲಿನಿಕ್ಕು; ಮಿಕ್ಕ ದಿನ ಸುತ್ತಮುತ್ತ ಬೇರೆ ಊರು.

ಶುರುವಾದಾಗಲೇ ಯೋಜನೆಯ ಸಾಹೇಬರು ಒಂದು ಮಾತು ಅಂದಿದ್ದರು. "ಈ ಜನ ದಿನಾ ಮಾತ್ರೆ ನುಂಗೋರಲ್ಲಮ್ಮ. ಒಂದು ವರ್ಷ ನೋಡ್ತೀನಿ. ಸರಿಹೋಗಲಿಲ್ಲ ಅಂದ್ರೆ ಇದನ್ನ ಮುಚ್ಚಿ ಗುಂಡ್ಲುಪೇಟೆಗೆ ಹಾಕ್ತೀನಿ." ಗುಂಡ್ಲುಪೇಟೆಗೆ ಹಾಕಿದರೆ ನಮ್ಮ ಹೆಂಗಸರು ಕೂಲಿ ಬಿಟ್ಟು ಬಸ್ಸಿಗೆ ಕಾಯೋರಲ್ಲ, ಮಾತ್ರೇನೇ ಬಿಡೋರು. ನನಗೆ ಮೈಯೆಲ್ಲ ಉರಿದುಹೋಯ್ತು. "ನೋಡೇಬಿಡೋಣ ಸಾರ್" ಅಂದುಬಿಟ್ಟೆ. ಅಂದ ಮೇಲೆ ಬಿಡೋಕಾಗ್ತದಾ?

೧. ಹಂಚಿ ತಿನ್ನೋ ಮನೆ

ಒಬ್ಬಾಕೆ ತಪ್ಪದೆ ಬರೋಳು, ತಪ್ಪದೆ ಮಾತ್ರೆ ತಗೊಂಡು ಹೋಗೋಳು. ಬಿಪಿ ಮಾತ್ರ ಇದ್ದಲ್ಲೇ ಇತ್ತು. "ಮಾತ್ರೆ ನುಂಗ್ತಿದ್ದೀಯೇನಕ್ಕ?" ಅಂದರೆ "ಮಾದಪ್ಪನಾಣೆ ನುಂಗ್ತಿವ್ನಿ ಕಣವ್ವ" ಅನ್ನೋಳು. ಮಾದಪ್ಪನ ಮೇಲೆ ಆಣೆ ಇಟ್ಟೋರನ್ನ ನಮ್ಮ ಕಡೆ ಯಾರೂ ಮರುಮಾತು ಕೇಳೋದಿಲ್ಲ. ನಾನು ಮರುಮಾತು ಕೇಳಲಿಲ್ಲ. ಆದರೆ ಒಂದಿನ ಊಟದ ಹೊತ್ತಿಗೆ ಸರಿಯಾಗಿ ಅವಳ ಮನೆಗೇ ನುಗ್ಗಿದೆ.

ನೋಡ್ತೀನಿ, ಮಾತ್ರೇನ ಈಳಿಗೆಮಣೆ ಮೇಲಿಟ್ಟು ಬದನೆಕಾಯಿ ಹೆಚ್ಚೋ ಹಂಗೆ ಎರಡು ಹೋಳು ಮಾಡಿದಳು. ಒಂದನ್ನ ತಾನು ಬಾಯಿಗೆ ಹಾಕ್ಕೊಂಡಳು. ಇನ್ನೊಂದನ್ನ ಗಂಡನ ತಟ್ಟೇಲಿ, ಮುದ್ದೆ ಪಕ್ಕ, ಉಪ್ಪಿನಕಾಯಿ ಇಡೋ ಜಾಗದಲ್ಲಿ ಬಡಿಸಿದಳು!

"ಏನಕ್ಕ ಇದು!" ಅಂತ ಕಿರುಚಿಕೊಂಡೆ.

"ಯಾಕವ್ವ ಇಂಗೆ ಕೂಗೀಯೆ? ಈ ಮನೆಗೆ ಕಾಲಿಟ್ಟ ದಿಸದಿಂದ ಒಂದು ಕಳ್ಳೇಕಾಯಿನೂ ಒಬ್ಳೇ ತಿಂದೋಳಲ್ಲ ನಾನು. ಗಂಡನ ಮುಂದೆ ಕುಂತ್ಕಂಡು ಒಬ್ಳೇ ಬಾಯಿಗೆ ಆಕ್ಕಳಾಕೆ ನಾಚ್ಕೆ ಆಗಾಕಿಲ್ವ?"

ಗಂಡ ಮಹಾಶಯ ಅದನ್ನ ನುಂಗಿ ನೀರು ಕುಡಿದ. ನನಗೆ ಸಿಟ್ಟು ನೆತ್ತಿಗೇರಿತು. "ಬಿಪಿ ಇಲ್ಲದೋರಿಗೆ ಇದನ್ನ ಕೊಟ್ಟರೆ ತಲೆ ಸುತ್ತಿ ಬೀಳ್ತಾರೆ ಕಣಕ್ಕ, ಏನ್ ತಿಳ್ಕೊಂಡಿದ್ದೀಯ?" ಅಂತ ಬೈದು, ಅಲ್ಲೇ ಅವನ ತೋಳಿಗೆ ಪಟ್ಟಿ ಬಿಗಿದೆ. ನೋಡಿದರೆ ಆ ಮನುಷ್ಯನ ಬಿಪಿ ಅವಳಿಗಿಂತ ಜಾಸ್ತಿ. ಅವನನ್ನೂ ಡಾಕ್ಟರಿಗೆ ತೋರಿಸಿ, ಅವನ ಮಾತ್ರೆ ಅವನಿಗೆ ಬೇರೆ ಮಾಡಿಸ್ತೀನಿ ಅಂದೆ.

ಅವಳು ತಟ್ಟೆ ಎತ್ತಿಕೊಂಡು ಹೇಳಿದಳು: "ನೀನು ಯಂತ್ರ ಕಟ್ಟಿ ಕಂಡಿಡ್ದೆ. ಇವ್ರು ಎಮ್ಮೆ ಮೇಲೆ ಕೂಗಾಡೋದ ನೋಡಿ ನಾನು ಆಗ್ಲೇ ಕಂಡಿಡ್ದಿದ್ದೆ ಕಣವ್ವ."

೨. ಶಿವನ ತಿಂಡಿ ತಡವಾಯ್ತು

ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೇಲಿ ಬರಬೇಕು. ಕಾಫಿ ಬೇಡ, ಟೀ ಬೇಡ, ಬಾಳೆಹಣ್ಣೂ ಬೇಡ ಅಂತ ಹಿಂದಿನ ವಾರವೇ ಸಾರಿ ಹೇಳಿದ್ದೆ. ಊರಿನ ಹಿರೀಕರೊಬ್ಬರು, ಲಿಂಗಪೂಜೆ ಮಾಡದೆ ಹೊಸ್ತಿಲು ದಾಟದ ಮನುಷ್ಯ, ಹಣೆತುಂಬ ವಿಭೂತಿ ಬಳಕೊಂಡು ಎಲ್ಲರಿಗಿಂತ ಮೊದಲು ಬಂದು ಕೂತರು. ಬೆರಳು ಚುಚ್ಚಿದೆ. ಶುಗರು ಆಕಾಶಕ್ಕೆ ಏರಿತ್ತು.

"ಏನಾದ್ರೂ ತಿಂದ್ರಾ ಯಜಮಾನ್ರೇ?"

"ಒಂದು ತೊಟ್ಟು ಕಾಫಿನೂ ಕುಡ್ದಿಲ್ಲ. ಯಾರನ್ನ ಬೇಕಾದ್ರೂ ಕೇಳು."

"ಮತ್ತೆ ಪೂಜೆ ಆದ ಮೇಲೆ?"

"ಪೂಜೆ ಆದ್ಮೇಲೆ ಪರಸಾದ ತಗಂಡೆ. ಬಾಳೆಹಣ್ಣು, ಬೆಲ್ಲ, ಜೇನುತುಪ್ಪ. ಅದನ್ನ ತಿಂಡಿ ಅಂದಾರಾ? ದೇವ್ರುದ್ದು ಕಣವ್ವ, ಲೆಕ್ಕಕ್ಕಿಲ್ಲ."

"ದೇವರದು ಲೆಕ್ಕಕ್ಕಿಲ್ಲ ಅಂತ ನಿಮ್ಮ ರಕ್ತಕ್ಕೆ ಯಾರೂ ಹೇಳಿಲ್ಲವಲ್ಲ ಯಜಮಾನ್ರೇ" ಅಂದೆ. ಅವರಿಗೆ ಮುನಿಸು ಬಂತು. ಹೆಗಲಿನ ಟವೆಲ್ ಕೊಡವಿ ಎದ್ದು ಹೋದರು. ಆವತ್ತು ಇಡೀ ದಿನ ನನಗೆ ಸಂಕಟ. ಇವರೊಬ್ಬರು ಬಿಟ್ಟರೆ ಇವರ ಹಿಂದೆ ಅರ್ಧ ಊರು ಬಿಡ್ತದೆ ಅಂತ ಗೊತ್ತಿತ್ತು.

ಮುಂದಿನ ಮಂಗಳವಾರ ನೋಡಿದರೆ ಮತ್ತೆ ಅವರೇ ಮೊದಲು. ಕೈಯಲ್ಲಿ ಬಾಳೆಎಲೆ ಮುಚ್ಚಿದ ಬಟ್ಟಲು. "ಮೊದ್ಲು ಚುಚ್ಚು" ಅಂದರು. ಚುಚ್ಚಿಸಿಕೊಂಡು, ಬಟ್ಟಲು ತೆಗೆದು, ಕೂತಲ್ಲೇ ಪ್ರಸಾದ ಕಣ್ಣಿಗೊತ್ತಿಕೊಂಡು ಒಂದೇ ಒಂದು ಚೂರು ಬಾಯಿಗೆ ಹಾಕ್ಕೊಂಡರು.

"ಶಿವನಿಗೆ ಏನು ಹೇಳಿದ್ರಿ?" ಅಂತ ಕೇಳಿದೆ.

"ಏನಂದೇನು? 'ಸಿವಪ್ಪ, ಮಂಗ್ಳಾರ ಒಂದಿನ ನೀನೂ ತಡವಾಗಿ ತಿನ್ನು. ಆ ನರ್ಸಮ್ಮನ ಬಾಯಿ ನಿಂಗೊತ್ತಿಲ್ಲ' ಅಂದೆ."

೩. ಬಳೆ ಮಾರೋಳು

ಒಬ್ಬ ತಾಯಿ ಇದ್ದಕ್ಕಿದ್ದಂಗೆ ಬರೋದು ಬಿಟ್ಟಳು. ಶುಗರಿನ ಮಾತ್ರೆ ನಿಲ್ಲಿಸಬಾರದ ಹೆಂಗಸು. ವಿಚಾರಿಸಿದರೆ, ಮಗಳಿಗೆ ಗಂಡು ನೋಡ್ತಿದ್ದಾರೆ, ತಾಯಿಗೆ ಶುಗರು ಅಂತ ಗೊತ್ತಾದರೆ ಬೀಗರು ಹಿಂದಕ್ಕೆ ಹೋಗ್ತಾರಂತೆ. ಎಲ್ಲಿಲ್ಲದ ಕೋಪ ಬಂತು. ಕಾಯಿಲೆ ಏನು ಕಳ್ಳತನವಾ ಮುಚ್ಚಿಡೋಕೆ? ಮಾತ್ರೆ ಚೀಲ ಎತ್ತಿಕೊಂಡು ಸೀದಾ ಅವಳ ಮನೆಗೆ ನಡೆದೆ.

ಬಾಗಿಲು ದಾಟಿದರೆ ಚಾಪೆ ತುಂಬ ಜನ. ಆವತ್ತೇ ಹೆಣ್ಣು ನೋಡೋ ಶಾಸ್ತ್ರ! ತಾಯಿಯ ಮುಖ ಸುಣ್ಣವಾಯ್ತು. ನನ್ನನ್ನ ನೋಡಿದಳು, ಚೀಲ ನೋಡಿದಳು, ತಕ್ಷಣ "ಬಳೆ ಮಾರೋಳು ಬಂದವ್ಳೆ. ಇವತ್ತು ಬ್ಯಾಡ ಓಗವ್ವ, ಆಮೇಲೆ ಬಾ" ಅಂದಳು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು ಪಾಪ. ಕೋಪವೆಲ್ಲ ಎಲ್ಲಿ ಹೋಯ್ತೋ. "ಸರಿ ಕಣಕ್ಕ, ಹಸಿರು ಗಾಜಿನ ಬಳೆ ಬಂದಿತ್ತು, ತೋರಿಸೋಣ ಅಂತ ಬಂದೆ" ಅಂತ ನಾನೂ ಬಿಟ್ಟೆ ಒಂದು ಸುಳ್ಳು.

ಹಿಂದಕ್ಕೆ ತಿರುಗಿದ್ದೆ. ಅಷ್ಟರಲ್ಲಿ ಗೋಡೆಗೊರಗಿ ಕೂತಿದ್ದ ಗಂಡಿನ ತಾಯಿ, ಗುಂಡ್ಲುಪೇಟೆ ಹತ್ತಿರದ ಮದ್ದೂರು ಕಡೆಯವರು, ಕತ್ತು ಉದ್ದ ಮಾಡಿ ನೋಡಿ ಕೂಗೇಬಿಟ್ಟರು.

"ಅಯ್ಯೋ ನರ್ಸಮ್ಮ! ಇಲ್ಲಿಗೂ ಬತ್ತೀರಾ? ಗುರುವಾರ ನಮ್ಮೂರ್ಗೆ ಬಂದಾಗ ನಾನು ಗುಂಡ್ಲುಪೇಟೆ ಸಂತೆಗೆ ಓಗ್ಬುಟ್ಟಿದ್ದೆ. ನನ್ ಶುಗರ್ ಮಾತ್ರೆ ಮುಗ್ದೋಗದೆ, ಆ ಚೀಲ್ದಲ್ಲಿ ಇದ್ರೆ ಇಲ್ಲೇ ಕೊಟ್ಬುಡಿ ಮತ್ತೆ."

ಹುಡುಗನ ಅಪ್ಪ ಮೇಲೆ ಜಂತೆ ನೋಡ್ತಾ ಕೂತರು. ಹುಡುಗಿಯ ತಾಯಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ದೊಡ್ಡ ಉಸಿರು ಬಿಟ್ಟು, ಅಡುಗೆಮನೆ ಕಡೆ ಕೂಗಿದಳು: "ಅಮ್ಮೀ, ಎರಡು ಲೋಟ ಕಾಫಿಗೆ ಸಕ್ರೆ ಆಕ್ಬ್ಯಾಡ! ನಿಮ್ಮತ್ತೆಗೊಂದು, ನಂಗೊಂದು!"

೪. ಸಾಹೇಬರ ಬಿಪಿ

ವರ್ಷ ತುಂಬಿತು. ಹೇಳಿದ ಹಂಗೇ ಸಾಹೇಬರು ಬಂದರು. ಡಾಕ್ಟರಲ್ಲ ಅವರು, ಯೋಜನೆಯ ಮೇಲ್ವಿಚಾರಕರು. ಜೀಪಿನಿಂದ ಇಳಿದವರೇ ಜಗಲಿ ಮೇಲೆ ಸೇರಿದ್ದ ಜನಕ್ಕೆ ಕೈ ಮುಗಿದು, ನಿಂತಲ್ಲೇ ಶುರುಮಾಡಿದರು: "ನಡುವೆ ಕೆಲವು ತಿಂಗಳು ಇಲ್ಲಿಗೆ ಬಂದೋರು ಬಹಳ ಕಡಿಮೆ. ಅದಕ್ಕೆ ಈ ಕ್ಲಿನಿಕ್ ನಿಲ್ಲಿಸ್ತಿದ್ದೀವಿ. ಇನ್ಮೇಲೆ ಗುಂಡ್ಲುಪೇಟೆಗೆ ಬನ್ನಿ."

ಚೆಂಡುಹೂವು ಬಿಡಿಸೋ ಕೂಲಿಗೆ ಹೋಗೋ ಅಜ್ಜಿಯೊಬ್ಬಳು ಎದ್ದು ನಿಂತಳು.

"ಗುಂಡ್ಲುಪೇಟೆಗೆ ಓಗಾಕೆ ಆಗಾಕಿಲ್ಲ ಬುದ್ಧಿ. ನಮ್ಮ ಯಜಮಾನ್ರು ಅಂಗೇ, ಇವತ್ತು ಓಗನ, ನಾಳೆ ಓಗನ ಅಂತ ಮಾತ್ರೆ ಬುಟ್ಬುಟ್ರು. ಒಂದಿನ ಹೊಲದಲ್ಲೇ ಬಿದ್ದೋದ್ರು. ಕೈಕಾಲು ಬರ್ನಿಲ್ಲ. ಆಮೇಲೆ ಉಳೀನಿಲ್ಲ."

ನನಗೆ ಸಿಟ್ಟು ಬಂತು. "ಸಾರ್, ಬಂದೋರು ಕಡಿಮೆ ಅಂದ್ರಲ್ಲ, ಅದು ಹೂವು ಬಿಡಿಸೋ ಕಾಲ. ಬೆಂಚಿಗೆ ಅವರು ಬರಲಿಲ್ಲ, ನಾನೇ ಹೊಲಕ್ಕೆ ಹೋಗಿ ಬದು ಮೇಲೆ ಕೂರಿಸಿ ನೋಡಿದೆ. ಹೊಲದಲ್ಲಿ ನೋಡಿದ್ದು ಕ್ಲಿನಿಕ್ಕಲ್ಲ ಅಂತ ನೀವೇ ಲೆಕ್ಕದಿಂದ ಕೈ ಬಿಟ್ಟಿರಿ. ನಿಮ್ಮ ಸಂಶೋಧನೆ ಮುಗೀಬಹುದು ಸಾರ್, ಇವರ ಬಿಪಿ ಮುಗಿಯೋಲ್ಲ."

ಸಾಹೇಬರ ಮುಖ ಕೆಂಪೇರಿತು. "ನೀವು ನರ್ಸು. ಬಿಪಿ ನೋಡೋದಷ್ಟೇ ನಿಮ್ಮ ಕೆಲಸ" ಅಂತ ಗದರಿ, ಧೊಪ್ ಅಂತ ಬೆಂಚಿನ ಮೇಲೆ ಕೂತರು.

ಅಲ್ಲೇ ಕೆಟ್ಟಿತು ನೋಡಿ ಅವರ ಗ್ರಹಚಾರ. ಆ ಊರಿನ ಹೆಂಗಸರು ಒಂದು ಪದ್ಧತಿ ಮಾಡಿದ್ದರು: ಆ ಬೆಂಚಿನ ಮೇಲೆ ಕೂತವರು ಯಾರೇ ಆಗಲಿ, ಕೈ ಚಾಚಲೇಬೇಕು. ಬಸ್ಸಿಗೆ ಕಾಯೋಕೆ ಅಂತ ಕೂತ ಮೇಷ್ಟ್ರನ್ನೂ ಬಿಟ್ಟಿರಲಿಲ್ಲ, ಹಪ್ಪಳ ಮಾರೋನನ್ನೂ ಬಿಟ್ಟಿರಲಿಲ್ಲ. "ಕುಂತ್ರಲ್ಲ ಬುದ್ಧಿ, ಕೈ ಚಾಚಿ" ಅಂದಳು ಅಜ್ಜಿ. ಅಷ್ಟು ಜನರ ಎದುರು ಇಲ್ಲ ಅನ್ನೋದು ಹೇಗೆ? ತೋಳು ಮಡಚಿದರು. ನನ್ನ ಕೆಲಸ ಅಷ್ಟೇ ಅಂದಿದ್ದರಲ್ಲ, ಆ ಕೆಲಸ ಮಾಡಿದೆ. ಬಿಗಿಯಾಗಿ ಕಟ್ಟಿ ಗಾಳಿ ಒತ್ತಿದೆ. ನೂರ ಎಪ್ಪತ್ತರ ಮೇಲೆ!

"ಅಯ್ಯೋ ಸಿವ್ನೇ!" ಅಂತ ಇಡೀ ಜಗಲಿ ಬಾಯಿ ಬಡಕೊಂಡಿತು. ಒಬ್ಬಾಕೆ ಮಜ್ಜಿಗೆ ತಂದಳು, ಇನ್ನೊಬ್ಬಾಕೆ ಅದಕ್ಕೆ ಉಪ್ಪು ಹಾಕಬೇಡ ಅಂತ ಅವಳ ಕೈ ಹಿಡಿದಳು. ಮತ್ತೊಬ್ಬಾಕೆ ಸೆರಗಲ್ಲಿ ಗಾಳಿ ಹಾಕಿದಳು. ಸಾಹೇಬರ ಗತ್ತೆಲ್ಲ ಇಳಿದುಹೋಗಿ, "ಬಹಳ ಜಾಸ್ತೀನಾ ಸಿಸ್ಟರ್?" ಅಂತ ಮೆಲ್ಲಗೆ ಕೇಳಿದರು.

ನನಗಿಂತ ಮುಂಚೆ ಅಜ್ಜಿಯೇ ಹೇಳಿದಳು: "ಕಿಲಿನಿಕ್ಕು ಮುಚ್ತೀನಿ ಅಂದಾಗ ಏರದೆ ಬುದ್ಧಿ. ಮುಚ್ಚಾಕಿಲ್ಲ ಅಂತ ಒಂದು ಮಾತು ಅಂದ್ನೋಡಿ, ಇಳೀತದೆ."

"ಅದು ಹಾಗಲ್ಲಮ್ಮ..."

"ಅಂದ್ರೆ ನಿಮ್ಮ ಗಂಟೇನು ಓಯ್ತದೆ? ಅನ್ನಿ!"

"ಸರಿ. ಮುಚ್ಚಲ್ಲ."

"ಎಲ್ರಿಗೂ ಕೇಳಂಗೆ ಅನ್ನಿ ಬುದ್ಧಿ."

ಸಾಹೇಬರು ಮಜ್ಜಿಗೆ ಲೋಟ ಕೆಳಗಿಟ್ಟು ಗಟ್ಟಿಯಾಗಿ ಅಂದರು: "ಮುಚ್ಚಲ್ಲ. ಹೊಲದಲ್ಲಿ ನೋಡಿದ್ದನ್ನೂ ಲೆಕ್ಕಕ್ಕೆ ಹಿಡೀತೀನಿ, ಆಯ್ತಾ?"

ಮತ್ತೆ ಪಟ್ಟಿ ಕಟ್ಟಿದೆ. ಚೆನ್ನಾಗಿ ಇಳಿದಿತ್ತು. ಜಗಲಿ ತುಂಬ ಚಪ್ಪಾಳೆ, ಶಿಳ್ಳೆ. ಕೂತು, ಸುಧಾರಿಸಿಕೊಂಡು, ತಣ್ಣಗೆ ಮಜ್ಜಿಗೆ ಕುಡಿದ ಮೇಲೆ ಎಷ್ಟೋ ಜನರದು ಹಂಗೇ ಇಳೀತದೆ. ನನಗೆ ಗೊತ್ತಿತ್ತು. ಆದರೆ ಬಿಪಿ ನೋಡೋದಷ್ಟೇ ನನ್ನ ಕೆಲಸ ಅಂದಿದ್ದರಲ್ಲ, ಬಾಯಿ ಮುಚ್ಚಿಕೊಂಡು ಯಂತ್ರ ಮಡಚಿಟ್ಟೆ.

ಕ್ಲಿನಿಕ್ಕು ನಡೀತಾ ಇದೆ. ಸಾಹೇಬರು ಚಾಮರಾಜನಗರದಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಮಾತ್ರೆ ಶುರುಮಾಡಿದ್ದಾರೆ. ಆದರೂ ತಿಂಗಳಿಗೊಂದು ಸಲ ತಪಾಸಣೆ ಅಂತ ನೆವ ಹೇಳಿಕೊಂಡು ಬಂದು ಬೆಂಚಿನ ಮೇಲೆ ಕೂತು ಅಂಗಿ ತೋಳು ಏರಿಸ್ತಾರೆ. ನಾನು ಪಟ್ಟಿ ಹಿಡ್ಕೊಂಡು ಹತ್ತಿರ ಹೋದರೆ ಅಜ್ಜಿ ನನ್ನ ಕೈ ತಡೀತಾಳೆ.

"ತಡಿಯವ್ವ. ಮೊದ್ಲು ಆ ಮಾತು ಅನ್ಲಿ, ಆಮೇಲೆ ಕಟ್ಟು."