ಮಾವನ ಮೂಗು, ಜಯಮ್ಮನ ಕೋಸು

ನಮ್ಮ ಸೋದರಮಾವ ಯಾರದೇ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಹಿತ್ತಲಿನ ಗಿಡಗಳನ್ನು, ಆಮೇಲೆ ಗಿಡದ ಮೇಲಿನ ಹುಳಗಳನ್ನು, ಸಮಯ ಉಳಿದರೆ ಮನುಷ್ಯರನ್ನು! ಉತ್ಪ್ರೇಕ್ಷೆ ಎನ್ನಿಸಿದರೆ ಒಮ್ಮೆ ನಿಮ್ಮ ಮನೆಗೇ ಕರೆದು ನೋಡಿ. ನೀವು ಕೊಟ್ಟ ಕಾಫಿ ಆರಿ ಕೆನೆ ಕಟ್ಟುವ ಹೊತ್ತಿಗೆ ಅವರು ಕರಿಬೇವಿನ ಬುಡದಿಂದ ಎದ್ದು ಬಂದು, "ನಿಮ್ ಗಿಡ ಬೈತಾ ಐತೆ ಕಣ್ರೀ" ಎನ್ನುತ್ತಾರೆ. ಯಾರನ್ನು ಬೈಯುತ್ತಿದೆ, ನಮ್ಮನ್ನೋ ಹುಳವನ್ನೋ? ಅದನ್ನು ಕೇಳುವ ಧೈರ್ಯ ನಮ್ಮ ನೆಂಟರಲ್ಲಿ ಯಾರಿಗೂ ಇಲ್ಲ. ಕೇಳಿದರೆ ಉತ್ತರ ಒಂದೂವರೆ ಗಂಟೆ!

ಹಾಗೆಂದು ಮಾವ ದೊಡ್ಡ ವಿಜ್ಞಾನಿಯೇನಲ್ಲ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ, ಗಾಜಿನ ಸಾಮಾನು ತೊಳೆಯುತ್ತಾ ಮೂವತ್ತು ವರ್ಷ ಕಳೆದು, ನಿವೃತ್ತರಾದ ಮೇಲೆ ತುಮಕೂರಿನಲ್ಲಿ ಸಣ್ಣದೊಂದು ಮನೆ ಮಾಡಿದವರು. ಮದುವೆಯಾಗಲಿಲ್ಲ. ಆ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದುದು ವಾಸನೆಯ ಕೆಲಸ. ಎಲೆಯನ್ನು ಹುಳ ಕಡಿದರೆ ಗಿಡ ಸುಮ್ಮನಿರುವುದಿಲ್ಲವಂತೆ. ಗಾಯಕ್ಕೆ ಹುಳದ ಜೊಲ್ಲು ತಾಗಿತೋ, ಬೇರೆಯದೇ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದಂತೆ. ಆ ವಾಸನೆ ಹಿಡಿದು ಸಣ್ಣ ಸಣ್ಣ ಕಣಜಗಳು ಹಾರಿ ಬಂದು ಹುಳಕ್ಕೊಂದು ಗತಿ ಕಾಣಿಸುತ್ತವಂತೆ. ವಿಜ್ಞಾನಿಗಳು ಆ ಗಾಳಿಯನ್ನು ಹಿಡಿದು ಯಂತ್ರಕ್ಕೆ ಹಾಕಿ ಮುಕ್ಕಾಲು ಗಂಟೆ ಕಾಯುತ್ತಿದ್ದರೆ, ಮಾವ ಎಲೆಯನ್ನೊಮ್ಮೆ ಮೂಸಿ, "ಹುಳ ಕಡಿದಿರೋದು ಸಾರ್, ಕತ್ರಿ ಅಲ್ಲ" ಎಂದುಬಿಡುತ್ತಿದ್ದರು. ಆಮೇಲೆ ಯಂತ್ರವೂ ಅದನ್ನೇ ಹೇಳುತ್ತಿತ್ತು. ಹಾಗೆಂದು ಹೇಳುವವರು ಮಾವ. ಯಂತ್ರವನ್ನು ಕೇಳಿದವರು ಯಾರೂ ಇಲ್ಲ!

ಗುಬ್ಬಿಯಲ್ಲಿರುವ ನನ್ನ ತವರುಮನೆಯ ಸೀಬೆ ಮರಕ್ಕೆ ಒಂದು ವರ್ಷ ಹಣ್ಣುನೊಣದ ಕಾಟ ಹತ್ತಿತು. ಅಮ್ಮ ಮಾವನಿಗೆ ಫೋನು ಮಾಡಿದಳು. ವಾಸನೆಯಿಂದ ಸೆಳೆದು ನೊಣ ಹಿಡಿಯುವ ಮೋಹಕ ಬಲೆಯೊಳಗೆ ಇಡಲು ಮದ್ದಿನಲ್ಲಿ ನೆನೆಸಿದ ಮರದ ತುಂಡೊಂದು ಬರುತ್ತದೆ. ಮಾವ ಅದನ್ನು ಕಾಗದದಲ್ಲಿ ಸುತ್ತಿ, ಷರಟಿನ ಜೇಬಿಗೆ ಹಾಕಿಕೊಂಡು ಗುಬ್ಬಿ ಬಸ್ಸು ಹತ್ತಿದರು. ಗ್ರಹಚಾರಕ್ಕೆ ಪಕ್ಕದ ಸೀಟಿನ ಹೆಂಗಸಿನ ತೊಡೆಯ ಮೇಲೆ ಒಂದು ಬುಟ್ಟಿ ಸೀಬೆಹಣ್ಣು! ಬಸ್ಸು ಊರು ದಾಟುವುದರೊಳಗೆ ಮಾವನ ಎದೆಯ ಮೇಲೆ ನೊಣಗಳ ಮಹಾಸಭೆ.

"ಏನ್ ಸ್ವಾಮಿ, ಸ್ನಾನ ಮಾಡಿ ಎಷ್ಟ್ ದಿನ ಆಯ್ತು?" ಎಂದ ಕಂಡಕ್ಟರ್.

"ಇವೆಲ್ಲಾ ಗಂಡುನೊಣ ಕಣಪ್ಪ, ಏನೂ ಮಾಡಲ್ಲ. ನನ್ ಜೇಬಲ್ಲಿರೋ ಮದ್ದು ನೆಕ್ಕಿದ್ರೆ ಅವುಕ್ಕೆ ಮೈಯೆಲ್ಲಾ ಸೆಂಟು. ಸೆಂಟಿದ್ರೆ ಹೆಣ್ಣು ಬೇಗ ಒಪ್ಕಳ್ತದೆ. ಅದ್ಕೇ ಹಿಂಗ್ ಮುಗಿಬಿದ್ದವೆ."

ಕಂಡಕ್ಟರ್ ಟಿಕೆಟ್ ಕೊಡುವುದನ್ನು ನಿಲ್ಲಿಸಿ, ಬಗ್ಗಿ, ಕಿವಿಯ ಹತ್ತಿರ ಮೆಲ್ಲಗೆ ಕೇಳಿದನಂತೆ: "ನಂಗೂ ಒಂಚೂರು ಕೊಡಿ ಸ್ವಾಮಿ. ಮೂವತ್ತೈದಾಯ್ತು, ಮನೇಲಿ ಇನ್ನೂ ಹೆಣ್ಣು ಹುಡುಕ್ತಾನೇ ಅವ್ರೆ!"

ಇದಕ್ಕೂ ಹಿಂದೆ, ನನ್ನ ಮದುವೆಯ ಮಾತುಕತೆಗೂ ಈ ಮೂಗು ತೂರಿತ್ತು. ಹುಡುಗ ಕುಣಿಗಲ್ಲಿನವರು. ನನ್ನನ್ನು ನೋಡಿಕೊಂಡು ಹೋಗಿದ್ದರು. ಅವರ ಮನೆ ನೋಡಿ ಬರಲು ಅಪ್ಪ, ಅಮ್ಮ, ಮಾವ ಹೋದರು. ಕೈ ತೊಳೆದುಕೊಂಡು ಬರುತ್ತೇನೆಂದು ಹಿತ್ತಲಿಗೆ ಹೋದ ಮಾವ ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದರು. ಕೈಯಲ್ಲಿ ಬೇರುಸಮೇತ ಕಿತ್ತ ಒಂದು ಟೊಮೆಟೊ ಗಿಡ! ನಡುಮನೆಯ ತುಂಬಾ ಮಣ್ಣು!

"ಅಯ್ಯಯ್ಯೋ, ನಾನ್ ನೆಟ್ಟಿದ್ ಗಿಡ!" ಎಂದು ಹುಡುಗನ ತಾಯಿ ಎದ್ದು ನಿಂತರು.

"ಎಲೆ ಮುದುರು ರೋಗ ಬಂದೈತೆ ಕಣಮ್ಮ," ಎಂದರು ಮಾವ. "ರೋಗದ ಗಿಡ ಬಿಳಿನೊಣಕ್ಕೆ ಬಾ ಬಾ ಅನ್ನೋ ವಾಸನೆ ಬಿಡ್ತದೆ. ನೊಣ ಬಂದು ರಸ ಹೀರಿ, ರೋಗಾನ ಪಕ್ಕದ ಗಿಡಕ್ಕೆ ಹೊತ್ಕಂಡ್ ಹೋಯ್ತದೆ. ಕರೆಯೋದು ಗಿಡ ಅಲ್ಲ, ಅದ್ರೊಳಗಿರೋ ರೋಗದ ಕಿತಾಪತಿ!"

ಶುಭಕಾರ್ಯಕ್ಕೆಂದು ಹೋದ ಮನೆಯಲ್ಲಿ ಒಂದೇ ಉಸಿರಿಗೆ ಅಷ್ಟು ಸಲ ರೋಗ, ರೋಗ! ಅಮ್ಮ ಗುಬ್ಬಿ ಬರುವವರೆಗೂ ಮುಖಕ್ಕೆ ಮುಚ್ಚಿದ ಸೆರಗು ತೆಗೆಯಲಿಲ್ಲ. ತಿಂಗಳಾದರೂ ಕುಣಿಗಲ್ಲಿನಿಂದ ಸುದ್ದಿಯಿಲ್ಲ. ಹುಡುಗ ನನಗೆ ಹಿಡಿಸಿದ್ದರು, ಹಾಗಾಗಿ ನಾನೂ ಎರಡು ದಿನ ಗುಟ್ಟಾಗಿ ಅತ್ತೆ. ಆಮೇಲೆ ಒಂದು ಬೆಳಿಗ್ಗೆ ಹುಡುಗನ ತಾಯಿಯ ಫೋನು. "ಉಳಿದ ಗಿಡಗಳೆಲ್ಲ ಗೊಂಚಲು ಗೊಂಚಲು ಕಾಯಿ ಬಿಟ್ಟವೆ ಕಣ್ರೀ. ಮಾತುಕತೆಗೆ ಬರೋವಾಗ ನಿಮ್ ತಮ್ಮನ್ನೂ ಕರ್ಕೊಂಡ್ ಬನ್ನಿ, ನಮ್ ಬದನೆ ಗಿಡ ಒಂದ್ ಸಲ ನೋಡ್ಲಿ." ಈಗ ನೀವೇ ಹೇಳಿ, ಅವರು ಒಪ್ಪಿದ್ದು ನನ್ನನ್ನೋ, ಮಾವನನ್ನೋ?

ಬೆಳ್ಳಾವಿಯ ಜಯಮ್ಮ ಪರಿಚಯವಾದದ್ದೂ ಇಂಥದೇ ರೀತಿಯಲ್ಲಿ. ತಾನು ಬೆಳೆದ ಸೊಪ್ಪು ತರಕಾರಿಯನ್ನು ಮಾವನ ಬೀದಿಗೆ ತಂದು ಮಾರುವ ಹೆಂಗಸು ಆಕೆ. ಊರಿನವರೆಲ್ಲ ಹುಳುಕನ್ನು ಬದಿಗಿಟ್ಟು ಒಳ್ಳೆಯದನ್ನು ಆರಿಸಿದರೆ ಮಾವ, "ಹುಳ ತಿಂದಿರೋದ್ ಇದ್ರೆ ಕೊಡು ತಾಯಿ" ಎನ್ನುತ್ತಿದ್ದರು. ಗೇಲಿ ಮಾಡುತ್ತಿದ್ದಾರೆಂದು ಆಕೆ ಮೊದಮೊದಲು ಸಿಡುಕಿದಳು. ಅವರು ಎಲೆ ಮೂಸಿ ಯಾವ ಹುಳ ಕಡಿದಿದೆಯೆಂದು ಹೇಳುವುದನ್ನು ಕಂಡ ಮೇಲೆ ತೂತು ಬಿದ್ದ ಎಲೆಗಳನ್ನೇ ಬೇರೆ ಕಟ್ಟು ಕಟ್ಟಿ ತರತೊಡಗಿದಳು. ತೂತಿನ ಎಲೆ ಕೊಳ್ಳುವ ಗಿರಾಕಿ ಇಡೀ ತುಮಕೂರಿನಲ್ಲಿ ಇನ್ನೊಬ್ಬರಿದ್ದಾರೆಯೇ?

ಹೋದ ವರ್ಷ ಮಾವನಿಗೆ ಜ್ವರ ಬಂತು. ಐದಾರು ದಿನ ಮಲಗಿ ಎದ್ದರು. ಎದ್ದ ಮೇಲೆ ಫೋನಿನಲ್ಲಿ ಮಾತೇ ಕಡಿಮೆಯಾಯಿತು. ಅಷ್ಟು ಮಾತಾಡುವ ಮನುಷ್ಯ ಬರೀ "ಹೂಂ", "ಸರಿ" ಎನ್ನತೊಡಗಿದರೆ ಭಯವಾಗುವುದಿಲ್ಲವೇ? ಒಂದು ಭಾನುವಾರ ಬೆಳಿಗ್ಗೆ ಕುಣಿಗಲ್ಲಿನಿಂದ ಹೊರಟು ಬಂದೆ. ಬಾಗಿಲಲ್ಲೇ ಹಾಲು ಸೀದ ವಾಸನೆ ಮೂಗಿಗೆ ಹೊಡೆಯಿತು. ಓಡಿಹೋಗಿ ಒಲೆ ಆರಿಸಿದೆ. ಪಾತ್ರೆಯ ತಳ ಕರಿ ಹಿಡಿದಿತ್ತು. ಮಾವ ಅಡುಗೆಮನೆಯ ಹೊಸ್ತಿಲ ಪಕ್ಕದಲ್ಲೇ ಪೇಪರ್ ಓದುತ್ತಾ ಕುಳಿತಿದ್ದರು.

"ಮಾವ, ಗೊತ್ತೇ ಆಗ್ಲಿಲ್ವಾ?"

ಅವರು ಪೇಪರನ್ನು ನಿಧಾನವಾಗಿ ಮಡಿಸಿದರು. "ಮೂಗು ಹೋಯ್ತು ಕಣಮ್ಮ. ಜ್ವರದ ಜೊತೆಗೇ ಹೋಯ್ತು. ಕಾಫಿಪುಡಿ ಡಬ್ಬದೊಳಗೆ ಮುಖ ಇಟ್ ನೋಡ್ದೆ. ಏನೂ ಇಲ್ಲ."

"ಡಾಕ್ಟ್ರು ಏನಂದ್ರು?"

"ಬರಬೋದು ಅಂದ್ರು. ಬರದೇನೂ ಇರ್ಬೋದು ಅಂದ್ರು."

ನಾನು ಸೀದ ಪಾತ್ರೆಗೆ ನೀರು ಹಾಕಿ ನೆನೆಯಲು ಇಟ್ಟೆ. ಅಷ್ಟರಲ್ಲಿ ಜಯಮ್ಮ ಬಂದಳು. ತಲೆಯ ಮೇಲೆ ಬುಟ್ಟಿಯಿಲ್ಲ, ಕಣ್ಣು ಕೆಂಪಾಗಿತ್ತು. "ಅಣ್ಣಾ, ಕೋಸಿಗೆ ಹುಳ ಬಿದ್ದೈತೆ. ಎಲೆಯೆಲ್ಲಾ ಜರಡಿ ಆಗವೆ. ಔಸ್ದಿ ಹೊಡಿ ಅಂತವ್ರೆ ಎಲ್ರೂ. ಹೋದ ಬೆಳೆಗೆ ಹೊಡ್ದಾಗ ನಮ್ಮನೆಯವ್ರು ತಲೆ ಸುತ್ತಿ ಬಿದ್ದು, ಮೂರು ದಿನ ಆಸ್ಪತ್ರೇಲಿದ್ರು. ಈಗ್ಲೂ ಅವ್ರೇ ಹೊಡೀತೀನಿ ಅಂತವ್ರೆ. ಒಂದ್ ಸಲ ಬಂದ್ ನೋಡ್ರಣ್ಣ."

"ನಾನ್ ಬಂದು ಏನ್ ಮಾಡ್ಲಿ ತಾಯಿ? ನಂಗೀಗ ಹುಳಾನೂ ಒಂದೇ, ಹೂವೂ ಒಂದೇ."

ನನಗೆ ಎಲ್ಲಿತ್ತೋ ಸಿಟ್ಟು! "ನಮ್ ಮೂಗಿಲ್ವಾ ಮಾವ? ಏಳಿ ಮೇಲೆ!" ಎಂದು ಗದರಿಸಿ ಬಸ್ಸಿಗೆ ಹತ್ತಿಸಿದೆ.

ಹೊಲದಲ್ಲಿ ಮಾವ ಕೈ ಹಿಂದೆ ಕಟ್ಟಿಕೊಂಡು, ಪರವೂರಿನ ಅತಿಥಿಯಂತೆ ನಿಂತರು. ನಾನು ಬಗ್ಗಿ ಮೂಸಿದೆ. "ಕೋಸಿನ ವಾಸನೆ."

"ಎಂಥಾ ಕೋಸಿನ ವಾಸನೆ?"

"ಕೋಸಿನಂಥ ಕೋಸಿನ ವಾಸನೆ!"

"ನಿಮ್ಮಮ್ಮನ ಮೂಗೇ ನಿಂಗೂ ಬಂದೈತೆ, ಬುಡು," ಎಂದರು. ಜ್ವರ ಬಿಟ್ಟ ಮೇಲೆ ಅವರು ಆಡಿದ ಮೊದಲ ತಮಾಷೆ ಅದು.

ಜಯಮ್ಮ ಕಣ್ಣು ಮುಚ್ಚಿ ಒಂದೊಂದೇ ಸಾಲು ಮೂಸುತ್ತಾ ಹೋದಳು. ನಡುವೆ ನಿಂತಳು. "ಆ ಕಡೇದು ಹುಲ್ಲು ಕುಯ್ದಂಗೈತಣ್ಣ. ಈ ಸಾಲು ಮಾತ್ರ ಹಸೀ ಸಾಸಿವೆ ಅರೆದಂಗೆ ಘಾಟು."

"ಎಲ್ಲಿ? ಇನ್ನೊಂದ್ ಸಲ ಹೇಳು!" ಮಾವ ಪಂಚೆ ಎತ್ತಿಕಟ್ಟಿ ಓಡಿದರು. ಎಲೆ ಮಗುಚಿದರು. ಅಡಿಯಲ್ಲಿ ಅಕ್ಕಿನುಚ್ಚಿನಂಥ ಬಿಳಿ ಬಿಳಿ ಕಾಳುಗಳು.

"ಅಯ್ಯೋ, ಮೊಟ್ಟೇನೂ ಇಟ್ಬುಟ್ಟವೆ!" ಎಂದಳು ಜಯಮ್ಮ.

"ಮೊಟ್ಟೆ ಅಲ್ಲ ಕಣವ್ವ, ಕಣಜದ ಗೂಡು! ಗಿಡ ಕೂಗೈತೆ, ಇವು ಬಂದವೆ. ಹುಳದ ಮೈಯೊಳಗೇ ಮೊಟ್ಟೆ ಇಟ್ಟು ಹೋಗವೆ. ಮರಿಗಳು ಹುಳಾನ ಒಳಗಿಂದ ತಿಂದು, ಈಚೆ ಬಂದು ಹಿಂಗೆ ಗೂಡು ಕಟ್ಟವೆ. ಒಂದ್ ವಾರ ಔಸ್ದಿ ಹೊಡೀಬೇಡ."

ಔಷಧಿಯ ಕ್ಯಾನು ಬೆನ್ನಿಗೇರಿಸಿ ನಿಂತಿದ್ದ ಜಯಮ್ಮನ ಗಂಡ ಒಪ್ಪಲಿಲ್ಲ. "ವಾರದಲ್ಲಿ ಹೊಲಾನೇ ತಿಂದ್ಬುಡ್ತವೆ ಸ್ವಾಮಿ!"

ಮಾವ ಕೊಡೆ ಬಿಡಿಸಿ ಬದುವಿನ ಮೇಲೆ ಕುಳಿತೇಬಿಟ್ಟರು. "ಹಂಗಾದ್ರೆ ನನ್ ಮೇಲೂ ಹೊಡಿ."

ಅಂದಿನಿಂದ ದಿನವೂ ಬೆಳಿಗ್ಗೆ ಬೆಳ್ಳಾವಿ ಬಸ್ಸು, ಸಂಜೆಯವರೆಗೆ ಬದುವಿನ ಮೇಲೆ ಕಾವಲು. ಹೊಲದ ಒಡೆಯನಿಗೇ ಹೊಲಕ್ಕೆ ಪ್ರವೇಶವಿಲ್ಲ! ಕಾವಲು ಕೂತು ಮೂರು ದಿನವಾದರೂ ಹುಳಗಳು ಮೇಯುತ್ತಲೇ ಇದ್ದವು. ಜಯಮ್ಮನ ಗಂಡ ಮಾತು ಬಿಟ್ಟ. ಮಾವನಿಗೂ ಒಳಗೊಳಗೇ ಪುಕಪುಕ. ಆ ಸಂಜೆ ಫೋನಿನಲ್ಲಿ, "ನಾನೇನಾದ್ರೂ ತಪ್ಪಿದ್ರೆ ಅವ್ರ ಬಾಯಿಗೆ ಮಣ್ಣು ಹಾಕ್ದಂಗೆ ಕಣಮ್ಮ" ಎಂದರು. ಮರುದಿನ ಗೂಡುಗಳು ಒಡೆದವು. ಸೊಳ್ಳೆಗಿಂತ ಸಣ್ಣ ಕರಿಯ ಕಣಜಗಳು ಸಾಲುಸಾಲಾಗಿ ಎದ್ದು ಕೋಸಿನ ಮೇಲೆ ಓಡಾಡತೊಡಗಿದವು. ವಾರ ಕಳೆಯುವುದರೊಳಗೆ ಹುಳಗಳು ಅಲ್ಲಲ್ಲೇ ಮುರುಟಿದವು. ಸುಳ್ಳು ಹೇಳಬಾರದು, ಎರಡು ಸಾಲು ಪೂರಾ ಹೋಯಿತು. ಉಳಿದ ಹೊಲವೆಲ್ಲ ಗಟ್ಟಿಯಾಗಿ ಗಡ್ಡೆ ಕಟ್ಟಿತು. ಕ್ಯಾನು ಕೊಟ್ಟಿಗೆ ಸೇರಿತು.

ಕೊಯ್ಲಿನ ದಿನ ನಾನೂ ಹೋಗಿದ್ದೆ. ಜಯಮ್ಮ ಒಂದು ಎಲೆ ಹರಿದು, ಅಂಗೈಯಲ್ಲಿ ಉಜ್ಜಿ, ಮಾವನ ಮೂಗಿನ ಹತ್ತಿರ ಹಿಡಿದಳು. "ದಿನಾ ಹಿಡೀತೀನಿ ಕಣವ್ವ, ದಿನಾ ಇಲ್ಲ ಅಂತಾರೆ," ಎಂದಳು ನನ್ನ ಕಡೆ ತಿರುಗಿ. ಮಾವ ಎಂದಿನಂತೆ ಉಸಿರೆಳೆದರು. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಎಳೆದರು.

"ರಬ್ಬರು," ಎಂದರು.

"ಏನು?"

"ಸುಟ್ಟ ರಬ್ಬರು. ಸೈಕಲ್ ಟಯರ್ ಸುಟ್ಟಂಗೆ."

ಜಯಮ್ಮ ಗಾಬರಿಯಿಂದ ತನ್ನ ಕೈ ತಾನೇ ಮೂಸಿಕೊಂಡಳು. "ಇದ್ರಲ್ಲಿ ಎಲ್ಲಣ್ಣ ರಬ್ಬರು? ಕೋಸಲ್ವಾ!"

ಮೂವತ್ತು ವರ್ಷದಲ್ಲಿ ಒಂದು ಎಲೆಯನ್ನೂ ತಪ್ಪು ಹೇಳದ ಮೂಗು. ಅವರು ಕುಗ್ಗಿಹೋದಾರೆಂದು ನಾನು ಹತ್ತಿರ ಹೋದೆ. ಮಾವ ನಗುತ್ತಿದ್ದರು. ಕಣ್ಣಿನಿಂದ ನೀರು ಇಳಿದು ಮೀಸೆ ತೋಯ್ದಿತ್ತು.

"ತಪ್ಪಾದ್ರೆ ತಪ್ಪಾಗ್ಲಿ ಕಣಮ್ಮ," ಎಂದರು. "ಏನೋ ಒಂದ್ ಬಂತಲ್ಲ!"

ಜಯಮ್ಮನ ಗಂಡ ಕುಡುಗೋಲು ಕೆಳಗಿಟ್ಟು, ಬದುವಿನಿಂದ ಒಂದು ತುಂಬೆಸೊಪ್ಪು ಕಿತ್ತು ತಂದ. ನಾನು ಕೊತ್ತಂಬರಿ ತಂದೆ. ಜಯಮ್ಮ ಹಸಿಮೆಣಸಿನಕಾಯಿ ಮುರಿದು ಹಿಡಿದಳು. ಕೊಯ್ಲು ಬಿಟ್ಟು ಮೂವರೂ ಒಂದೊಂದೇ ಎಲೆ ತಂದು ಕೊಡುತ್ತಾ ಹೋದೆವು. ಎಲ್ಲವೂ ರಬ್ಬರೇ. ಒಂದೊಂದಕ್ಕೂ ಮಾವ ಮಗುವಿನಂತೆ ನಕ್ಕು, ಇನ್ನೊಂದಕ್ಕೆ ಕೈ ಚಾಚುತ್ತಿದ್ದರು.